ಜನ ಇರುವ ಕಟ್ಟಡವನ್ನೇ ಕೊಂಡರೆ ಹೊಸ ಮನೆ ಎಲ್ಲಿಂದ ಬಂತು?

ಮೂರನೇ ಮಹಡಿ:
ಪ್ಯಾರಿಸ್‌ನಲ್ಲಿ ನಗರದವರು ಬಾಡಿಗೆದಾರರು ಇರುವ ಹಳೇ ಅಪಾರ್ಟ್‌ಮೆಂಟುಗಳನ್ನೇ ಕೊಂಡು ಸಾಮಾಜಿಕ ವಸತಿ, ಅಂದರೆ ಕಡಿಮೆ ಸಂಬಳದವರಿಗೆ ಅಗ್ಗದ ಬಾಡಿಗೆಯ ಮನೆ, ಮಾಡುತ್ತಾರೆ. ಇಂತಿಷ್ಟು ಪಾಲು ಮನೆ ಹಾಗಿರಲೇಬೇಕು ಅಂತ 2000ದ ಕಾನೂನು ಇದೆ, ಮೊದಲು 20% ಇತ್ತು, 2013ರಲ್ಲಿ 25%ಕ್ಕೆ ಏರಿಸಿದರು. ನನಗೆ ಅರ್ಥವಾಗದ್ದು ಇದು: ಕಟ್ಟಡ ಅದೇ, ಒಳಗಿರೋರೂ ಅವರೇ, ಪೋಸ್ಟ್ ಡಬ್ಬಿ ಮೇಲಿನ ಹೆಸರೂ ಬದಲಾಗಿಲ್ಲ. ಕಾಗದದಲ್ಲಿ ಮಾತ್ರ ಮನೆ ಜಾಸ್ತಿ ಆಯ್ತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವವನಿಗೆ ಏನು ಸಿಕ್ಕಿತು?

ಲೆಕ್ಕದ ಪುಸ್ತಕ:
ಸದ್ಯಕ್ಕೆ ಏನೂ ಇಲ್ಲ. ಒಳಗಿರುವವರು ತಾವಾಗಿ ಖಾಲಿ ಮಾಡಿದಾಗಲೇ ಒಂದೊಂದು ಮನೆ ಕೈಗೆ ಬರುವುದು, ಎಬ್ಬಿಸಿ ಕಳಿಸೋಕಾಗಲ್ಲ ಅಲ್ವಾ. ಖರ್ಚೂ ಕಡಿಮೆ ಅಲ್ಲ. 2021ರಲ್ಲಿ ಬರ್ಲಿನ್ ನಗರದ ವಸತಿ ಕಂಪನಿಗಳು ಖಾಸಗಿಯವರಿಂದ ಸುಮಾರು 14,750 ಮನೆ ಕೊಂಡವು, ಕೊಟ್ಟಿದ್ದು ಹತ್ತಿರಹತ್ತಿರ 246 ಕೋಟಿ ಯೂರೊ. ಭಾಗಿಸಿ ನೋಡಿ, ಮನೆಗೆ ಒಂದೂವರೆ ಲಕ್ಷ ದಾಟುತ್ತದೆ. ಆ ದುಡ್ಡಲ್ಲಿ ಹೊಸದನ್ನೇ ಕಟ್ಟಬಹುದಿತ್ತಲ್ಲ ಅಂತ ಅಲ್ಲೂ ಜನ ಕೇಳಿದರು.

ಹಳೇ ಬಾಡಿಗೆದಾರ:
ಇಬ್ಬರೂ ಹೊರಗೆ ಕಾಯುವವರನ್ನೇ ನೋಡುತ್ತಿದ್ದೀರಿ. ಒಳಗಿರೋರನ್ನೂ ಸ್ವಲ್ಪ ನೋಡಿ. ನಾನಿದ್ದ ಕಟ್ಟಡ ಮಾರಾಟ ಆದಾಗ ಹೊಸ ಮಾಲೀಕ ಯಾರಿಗೂ ಖಾಲಿ ಮಾಡಿ ಅನ್ನಲಿಲ್ಲ, ಕೆಟ್ಟ ಲಿಫ್ಟನ್ನು ಹಾಗೇ ಬಿಟ್ಟ, ಅಷ್ಟೇ. ಐದನೇ ಮಹಡಿಯ ಅಜ್ಜಿ ಪ್ರತಿ ಮಹಡಿಗೂ ಚೀಲ ಕೆಳಗಿಟ್ಟು, ಗೋಡೆ ಹಿಡಿದು ಸುಧಾರಿಸಿಕೊಂಡು ಹತ್ತುತ್ತಿದ್ದರು. ವರ್ಷ ತುಂಬುವುದರೊಳಗೆ ಅರ್ಧ ಕಟ್ಟಡ ಖಾಲಿ, ಬಣ್ಣ ಬಳಿದು ಬಾಡಿಗೆ ಏರಿಸಿದ್ದೂ ಆಯ್ತು, ಆಮೇಲೆ ಲಿಫ್ಟೂ ಓಡಿತು ಬಿಡಿ. ಹೀಗೆ ಹೊರಬಿದ್ದವರೇ ನೀವು ಹೇಳುವ ಆ ಕಾಯುವ ಪಟ್ಟಿಗೆ ಸೇರುವುದು. ನಗರದವರು ಕೊಂಡಿದ್ದರೆ ಹೊಸ ಮನೆ ಹುಟ್ಟುತ್ತಿರಲಿಲ್ಲ ನಿಜ, ಆದರೆ ಇದ್ದ ಅಗ್ಗದ ಮನೆಗಳು ಹೋಗುತ್ತಿರಲಿಲ್ಲ.

ಮೂರನೇ ಮಹಡಿ:
ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಒಳಗೆ ಒಳ್ಳೆ ಸಂಬಳದವರೂ ಇರುತ್ತಾರಲ್ಲ, ಅವರಿಗೂ ಬಾಡಿಗೆ ಇಳಿಸಬೇಕಾ?

ಲೆಕ್ಕದ ಪುಸ್ತಕ:
ಯಾಕೆ ಇಳಿಸಬೇಕು? ಹಳೇ ಬಾಡಿಗೆಯಲ್ಲೇ ಇರಲಿ. ಎದುರು ಮನೆಗೂ ಇವರ ಮನೆಗೂ ಅಳತೆ ಒಂದೇ, ಬಾಡಿಗೆ ಬೇರೆ ಅಂತ ಮೆಟ್ಟಿಲ ಮೇಲೆ ನಾಲ್ಕು ದಿನ ಗೊಣಗಾಟ ಇದ್ದೇ ಇರುತ್ತದೆ. ನನ್ನ ತಕರಾರು ಎಣಿಕೆಯದ್ದು. ಹೊಸದಾಗಿ ಕಟ್ಟಿದ್ದು ಎಷ್ಟು, ಕೊಂಡಿದ್ದು ಎಷ್ಟು, ಕೊಂಡದ್ದರಲ್ಲಿ ಕಾಯುತ್ತಿದ್ದವರಿಗೆ ಬೀಗದ ಕೈ ಸಿಕ್ಕಿದ್ದು ಎಷ್ಟು ಅಂತ ಬೇರೆ ಬೇರೆ ಬರೆಯಲಿ. ಸುಮ್ನೆ ಎಲ್ಲ ಸೇರಿಸಿ ಒಂದೇ ಅಂಕಿ ಕೊಟ್ಟರೆ ನಾನಂತೂ ನಂಬಲ್ಲ.

ಹಳೇ ಬಾಡಿಗೆದಾರ:
ಉಳಿದುಕೊಂಡವರು ಎಷ್ಟು ಅನ್ನೋದಕ್ಕೂ ಒಂದು ಸಾಲು ಇರಲಿ.