ಹಳ್ಳಿಯಿಂದ ಬಂದ ಉಪಾಧ್ಯಕ್ಷ ಅಭ್ಯರ್ಥಿ ಹಳ್ಳಿಯ ಮತವನ್ನು ತರಬಲ್ಲರೇ?

ಬ್ರಹ್ಮಾವರದ ನಿವೃತ್ತ ಬ್ಯಾಂಕ್ ನೌಕರ (ಪ್ರಶ್ನೆ)

ಮಾನ್ಯರೇ,

2024ರ ಜುಲೈ ಕೊನೆಯಿಂದ ಡಿಸೆಂಬರ್‌ವರೆಗೆ ನಾನು ಮತ್ತು ನನ್ನ ಪತ್ನಿ ಅಮೆರಿಕದ ಮಿನೆಸೋಟ ರಾಜ್ಯದ ದಕ್ಷಿಣ ಭಾಗದಲ್ಲಿರುವ ಮಗಳ ಮನೆಯಲ್ಲಿದ್ದೆವು. ನಮ್ಮ ನಿದ್ದೆಯ ಹೊತ್ತು ಇನ್ನೂ ಸರಿಹೋಗಿರಲಿಲ್ಲ. ಅಷ್ಟರಲ್ಲೇ, ಆಗಸ್ಟ್ 6ರಂದು, ಡೆಮಾಕ್ರಟ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರು ಅದೇ ರಾಜ್ಯದ ಗವರ್ನರ್ ಟಿಮ್ ವಾಲ್ಜ್ ಅವರನ್ನು ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯನ್ನಾಗಿ ಆರಿಸಿಕೊಂಡರು. ಅಲ್ಲಿನವರು ಇದನ್ನು ರನ್ನಿಂಗ್ ಮೇಟ್ ಎನ್ನುತ್ತಾರೆ. ಮತದಾರರು ಇಬ್ಬರಿಗೂ ಸೇರಿಸಿ ಒಂದೇ ಮತ ಹಾಕಬೇಕಾಗಿರುವುದರಿಂದ ಜೋಡಿ ಅಭ್ಯರ್ಥಿ ಎಂದರೆ ನಮಗೆ ಅರ್ಥವಾದೀತು.

ಆಯ್ಕೆಯ ಹಿಂದಿದ್ದ ಲೆಕ್ಕಾಚಾರ ನಮ್ಮಂಥ ಹೊರಗಿನವರ ಕಣ್ಣಿಗೂ ಬೀಳುವಂತಿತ್ತು. ಹ್ಯಾರಿಸ್ ಅವರು ಕ್ಯಾಲಿಫೋರ್ನಿಯದ ಓಕ್ಲೆಂಡ್‌ನಲ್ಲಿ ಹುಟ್ಟಿ, ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಸರಕಾರಿ ವಕೀಲೆಯಾಗಿ ಹೆಸರು ಮಾಡಿದವರು. ವಾಲ್ಜ್ ಅವರಾದರೋ ನೆಬ್ರಾಸ್ಕದ ಸಣ್ಣ ಊರುಗಳಲ್ಲಿ ಬೆಳೆದು, 24 ವರ್ಷ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯಲ್ಲಿ ಸೇವೆ ಸಲ್ಲಿಸಿ, ಮ್ಯಾಂಕೇಟೊ ಪಟ್ಟಣದ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಲೇ ಮಕ್ಕಳಿಗೆ ಫುಟ್‌ಬಾಲ್ ತರಬೇತಿ ಕೊಟ್ಟವರು. ಬೇಟೆಗಾರರು ಹಾಕಿಕೊಳ್ಳುವ ಕಾಡುಬಣ್ಣದ ಟೊಪ್ಪಿಯ ಮೇಲೆ ಇಬ್ಬರ ಹೆಸರನ್ನೂ ಹಾಕಿಸಿ ಪಕ್ಷದವರು ಮಾರಿದರು. ಅಕ್ಟೋಬರ್‌ನಲ್ಲಿ ವಾಲ್ಜ್ ಅವರು ಬಂದೂಕು ಹಿಡಿದು ಫೆಸೆಂಟ್ ಹಕ್ಕಿಯ ಬೇಟೆಗೆ ಹೊರಟದ್ದನ್ನು ನಾವು ಟಿ.ವಿ.ಯಲ್ಲಿ ನೋಡಿದೆವು.

ಆದರೆ ಮಗಳ ಮನೆಯಿಂದ ಪೇಟೆಗೆ ಹೋಗುವ ರಸ್ತೆಯ ಇಕ್ಕೆಲಗಳ ಜೋಳ ಮತ್ತು ಸೋಯಾ ಹೊಲಗಳ ಅಂಚಿನಲ್ಲಿ ನಾನು ಕಂಡ ಫಲಕಗಳಲ್ಲಿ ಹೆಚ್ಚಿನವು ಟ್ರಂಪ್ ಅವರವೇ. ಕೊನೆಗೆ ಟ್ರಂಪ್ ಮತ್ತು ಜೆ.ಡಿ. ವ್ಯಾನ್ಸ್ ಜೋಡಿ 312ಕ್ಕೆ 226 ಎಲೆಕ್ಟೊರಲ್ ಮತಗಳಿಂದ, ಅಂದರೆ ರಾಜ್ಯವಾರು ಹಂಚಿದ ಮತಗಳ ಲೆಕ್ಕದಲ್ಲಿ, ಗೆದ್ದಿತು. ಮಿನೆಸೋಟ ರಾಜ್ಯವೇನೋ ಹ್ಯಾರಿಸ್ ಅವರ ಪಾಲಿಗೇ ಬಂತು. ಆದರೆ ಮ್ಯಾಂಕೇಟೊ ಇರುವ ಬ್ಲೂ ಅರ್ತ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಅಂದರೆ ವಾಲ್ಜ್ ಮಾಸ್ತರರು ಪಾಠ ಹೇಳಿದ ಊರೇ, 2020ರಲ್ಲಿ ಬೈಡನ್ ಅವರಿಗೆ ಮತ ಹಾಕಿದ್ದದ್ದು ಈ ಸಲ ಟ್ರಂಪ್ ಕಡೆಗೆ ಹೊರಳಿತು.

ಹಾಗಾದರೆ ಹಳ್ಳಿಯ ಮತಕ್ಕಾಗಿ ಹಳ್ಳಿಯವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವ ಈ ಪದ್ಧತಿಯಿಂದ ನಿಜಕ್ಕೂ ಏನಾದರೂ ಪ್ರಯೋಜನವಿದೆಯೇ? ಇಲ್ಲವೆಂದಾದರೆ ಅಷ್ಟೊಂದು ಶೋಧನೆ, ಸಂದರ್ಶನ ಏಕೆ? ತಿಳಿದವರು ವಿವರಿಸಬೇಕು. ನಮ್ಮೂರಿನ ಪಕ್ಷಗಳ ಜಗಳವನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಅದಕ್ಕೆ ಸಂಜೆ ಬಸ್ ನಿಲ್ದಾಣದ ಎದುರಿನ ಹೋಟೆಲು ಇದೆ.

ಕಾರ್ಕಳದ ರಾಜ್ಯಶಾಸ್ತ್ರ ಉಪನ್ಯಾಸಕಿ

ಸರ್, ಊರಿನ ಮತದ ಆಸೆಯಿಂದ ಜೊತೆಗಾರರನ್ನು ಆರಿಸುವ ಪದ್ಧತಿಗೆ ಎಲ್ಲರೂ ಕೊಡುವ ಉದಾಹರಣೆ 1960ರದು. ಮ್ಯಾಸಚೂಸೆಟ್ಸ್‌ನ ಶ್ರೀಮಂತ ಕ್ಯಾಥೊಲಿಕ್ ಮನೆತನದ ಕೆನಡಿ ಅವರು ಟೆಕ್ಸಸ್‌ನ ಲಿಂಡನ್ ಜಾನ್ಸನ್ ಅವರನ್ನು, ಇಬ್ಬರಿಗೂ ಪರಸ್ಪರ ಅಷ್ಟೇನೂ ಆಗಿಬರದಿದ್ದರೂ, ಜೊತೆಗೆ ತೆಗೆದುಕೊಂಡರು. ಜಾನ್ಸನ್ ಅವರು ರೈಲು ಹತ್ತಿ ದಕ್ಷಿಣದ ರಾಜ್ಯಗಳ ಸಣ್ಣಪುಟ್ಟ ನಿಲ್ದಾಣಗಳಲ್ಲೆಲ್ಲ ಇಳಿದು ಭಾಷಣ ಮಾಡಿದರು. ಟೆಕ್ಸಸ್‌ನಲ್ಲಿ ಗೆಲುವಿನ ಅಂತರ ಸುಮಾರು 46,000 ಮತಗಳಷ್ಟೇ ಇದ್ದುದರಿಂದ, ಅಲ್ಲಿ ಜಾನ್ಸನ್ ಇಲ್ಲದೆ ಕೆನಡಿ ಗೆಲ್ಲುತ್ತಿರಲಿಲ್ಲವೆಂಬ ವಾದವನ್ನು ತಳ್ಳಿಹಾಕುವುದು ಕಷ್ಟ.

ಆದರೆ ಆಮೇಲೆ ಅದೇ ಮದ್ದನ್ನು ಕುಡಿದವರಿಗೆ ಗುಣ ಕಂಡದ್ದು ಕಡಿಮೆ. 1988ರಲ್ಲಿ ಡುಕಾಕಿಸ್ ಅವರು ಮ್ಯಾಸಚೂಸೆಟ್ಸ್-ಟೆಕ್ಸಸ್ ಜೋಡಿಯನ್ನೇ ಮತ್ತೆ ಕಟ್ಟಿ ಲಾಯ್ಡ್ ಬೆಂಟ್ಸನ್ ಅವರನ್ನು ಕರೆತಂದರು. ಟೆಕ್ಸಸ್ ಕೈಗೆ ಬರಲಿಲ್ಲ. 2004ರಲ್ಲಿ ಕೆರಿ ಅವರ ಜೊತೆಗಿದ್ದ ಜಾನ್ ಎಡ್ವರ್ಡ್ಸ್ ಅವರಿಗೆ ತಮ್ಮ ನಾರ್ತ್ ಕ್ಯಾರೊಲಿನವನ್ನು ಗೆದ್ದುಕೊಡಲು ಆಗಲಿಲ್ಲ. 2012ರಲ್ಲಿ ರಾಮ್ನಿ ಅವರು ಪಾಲ್ ರಯನ್ ಅವರನ್ನು ಆರಿಸಿದರೂ ವಿಸ್ಕಾನ್ಸಿನ್ ಒಬಾಮ ಅವರ ಜೊತೆಗೇ ಉಳಿಯಿತು. ಇದಕ್ಕೆ ತದ್ವಿರುದ್ಧವಾಗಿ 1992ರಲ್ಲಿ ಅರ್ಕನ್ಸಾದ ಕ್ಲಿಂಟನ್ ಅವರು ಪಕ್ಕದ ಟೆನೆಸಿ ರಾಜ್ಯದ, ಹೆಚ್ಚುಕಡಿಮೆ ತಮ್ಮದೇ ವಯಸ್ಸಿನ, ತಮ್ಮ ಹಾಗೆಯೇ ದಕ್ಷಿಣದವರಾದ ಅಲ್ ಗೋರ್ ಅವರನ್ನು ಆರಿಸಿ, ಸಮತೋಲನದ ಶಾಸ್ತ್ರವನ್ನೇ ಮುರಿದು ಗೆದ್ದರು. ಎಂಟು ವರ್ಷಗಳ ನಂತರ ಗೋರ್ ಅವರೇ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅದೇ ಟೆನೆಸಿ ಅವರ ಕೈಬಿಟ್ಟಿತು ಎನ್ನುವುದನ್ನೂ ಮರೆಯಬಾರದು. ತವರು ರಾಜ್ಯ ತಾನೇ ತಾನಾಗಿ ಬರುವ ಆಸ್ತಿಯಲ್ಲ.

ಹಾಗಿದ್ದೂ ಇಷ್ಟು ಶೋಧನೆ ಏಕೆ ಎಂದು ಕೇಳಿದ್ದೀರಿ. ನಮ್ಮ ಕಡೆಯ ಯಕ್ಷಗಾನದ ಆಟದಲ್ಲಿ ಮದ್ದಳೆಯವರನ್ನು ನೆನಪಿಸಿಕೊಳ್ಳಿ. ಮದ್ದಳೆ ಸರಿಯಾಗಿದ್ದರೆ ಸಭೆ ಭಾಗವತರನ್ನೂ ವೇಷವನ್ನೂ ಹೊಗಳಿಕೊಂಡು ಮನೆಗೆ ಹೋಗುತ್ತದೆ. ಪೆಟ್ಟು ತಪ್ಪಿದರೆ ಮಾತ್ರ ಎಲ್ಲರ ಕಣ್ಣೂ ಅತ್ತ ತಿರುಗುತ್ತದೆ. 1972ರಲ್ಲಿ ಮೆಕ್‌ಗವರ್ನ್ ಅವರು ಅವಸರದಲ್ಲಿ ಆರಿಸಿದ ಸೆನೆಟರ್ ಥಾಮಸ್ ಈಗಲ್‌ಟನ್ ಅವರು ಹಿಂದೆ ಖಿನ್ನತೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದ ಸಂಗತಿ ಹೊರಬಿದ್ದು, 18 ದಿನಗಳಲ್ಲಿ ಕಣದಿಂದ ಹಿಂದೆ ಸರಿಯಬೇಕಾಯಿತು. ಇಂದಿನ ಕಣ್ಣಿಗೆ ಅದು ಅನ್ಯಾಯವೆಂದೇ ಕಾಣುತ್ತದೆ. ಆದರೂ ಆ ದಿನಗಳಲ್ಲಿ ಜನ ಅಳೆದದ್ದು ಈಗಲ್‌ಟನ್ ಅವರನ್ನಲ್ಲ, ಮೊದಲು ಬೆಂಬಲಿಸಿ ಆಮೇಲೆ ಕೈಬಿಟ್ಟ ಮೆಕ್‌ಗವರ್ನ್ ಅವರನ್ನು. ಜೋಡಿ ಅಭ್ಯರ್ಥಿಯ ಆಯ್ಕೆಯಲ್ಲಿ ಮತದಾರನಿಗೆ ಕಾಣುವುದು ಆರಿಸಿದವರ ವಿವೇಕ. ಆರಿಸಲ್ಪಟ್ಟವರ ಊರು ಅಲ್ಲವೆಂದೇ ನನ್ನ ಅಭಿಪ್ರಾಯ. 2008ರಲ್ಲಿ ಅಲಾಸ್ಕದ ಸಣ್ಣ ಪಟ್ಟಣವೊಂದರ ಮೇಯರ್ ಆಗಿದ್ದ ಗವರ್ನರ್ ಸಾರಾ ಪೇಲಿನ್ ಅವರನ್ನು ಮೆಕೇನ್ ಅವರು ಆರಿಸಿದಾಗ ಸಭೆಗಳು ಕಿಕ್ಕಿರಿದವು. ಆದರೆ 72ರ ಹಿರಿಯರಿಗೆ ಏನಾದರೂ ಆದರೆ ಮುಂದೇನು ಎಂಬ ಪ್ರಶ್ನೆಯೂ ಅದರ ಜೊತೆಗೇ ಎದ್ದಿತು.

ಪುತ್ತೂರಿನ ಅಡಿಕೆ ಕೃಷಿಕ

ಮೇಡಂ ಹೇಳಿದ ಚರಿತ್ರೆಗೆ ನನ್ನ ತಕರಾರಿಲ್ಲ. ಆದರೆ ಪ್ರಶ್ನೆಯ ಎರಡನೆಯ ಅರ್ಧ, ಅಂದರೆ ಹಳ್ಳಿಯ ಮತ ಹೇಗೆ ಬರುತ್ತದೆ ಎಂಬುದು, ಅದರಲ್ಲಿ ಹಾಗೆಯೇ ಉಳಿಯಿತು.

1948ರ ಡೆಮಾಕ್ರಟ್ ಅಧ್ಯಕ್ಷ ಟ್ರೂಮನ್ ಅವರನ್ನು ನೋಡಿ. ಆ ವರ್ಷ ಅವರು ಸೋಲುವುದು ಖಂಡಿತವೆಂದು ಎಲ್ಲರೂ ನಂಬಿದ್ದರು. ಜೋಡಿ ಅಭ್ಯರ್ಥಿಯಾಗಿದ್ದ ಕೆಂಟಕಿಯ ಆಲ್ಬೆನ್ ಬಾರ್ಕ್ಲಿ ಅವರಿಗೆ ಆಗಲೇ 70 ವರ್ಷ. ಜೋಳ ಬೆಳೆಯುವ ರಾಜ್ಯಗಳಿಗೂ ಅವರಿಗೂ ಅಂಥ ನಂಟೇನೂ ಇರಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಒಂದು ಸಂಗತಿ ನಡೆದಿತ್ತು. ಸರಕಾರದ ಬೆಂಬಲ ಬೆಲೆಯ ಸಾಲ ಬೇಕಾದರೆ ರೈತನು ಧಾನ್ಯವನ್ನು ಒಪ್ಪಿತವಾದ ಗೋದಾಮಿನಲ್ಲಿ ಇಡಬೇಕಾಗಿತ್ತು. ಹೊಸ ಗೋದಾಮುಗಳನ್ನು ಒದಗಿಸುವ ಸರಕಾರಿ ನಿಗಮದ ಅಧಿಕಾರವನ್ನು ರಿಪಬ್ಲಿಕನ್ ಬಹುಮತದ ಕಾಂಗ್ರೆಸ್ಸು, ಅಂದರೆ ಅಲ್ಲಿನ ಸಂಸತ್ತು, ಅದೇ ವರ್ಷ ಕಿತ್ತುಕೊಂಡಿತು. ಜೋಳ ಹಿಂದೆಂದೂ ಕಾಣದಷ್ಟು ಬೆಳೆಯಿತು, ಇಡಲು ಜಾಗವಿರಲಿಲ್ಲ, ಬೆಲೆ ಕುಸಿಯಿತು, ಬೆಂಬಲ ಬೆಲೆ ಕಾಗದದಲ್ಲೇ ಉಳಿಯಿತು. ಸೆಪ್ಟೆಂಬರ್ 18ರಂದು ಅಯೋವದ ಡೆಕ್ಸ್ಟರ್ ಎಂಬಲ್ಲಿ ನಡೆದ ನೇಗಿಲ ಸ್ಪರ್ಧೆಗೆ ಟ್ರೂಮನ್ ಹೋಗಿ ಈ ಗೋದಾಮಿನ ವಿಷಯವನ್ನು ಎತ್ತಿದರು. ಅವರೂ ಯೌವನದಲ್ಲಿ ಮಿಸೂರಿಯ ತಮ್ಮ ಮನೆಯ ಜಮೀನಿನಲ್ಲಿ ಉತ್ತವರೇ, ನಿಜ. ಆದರೆ ಜನರ ಕಿವಿ ನಿಮಿರಿದ್ದು ಗೋದಾಮಿನ ಮಾತಿಗೆ ಎಂದು ನಾನು ನಂಬುತ್ತೇನೆ. 1944ರಲ್ಲಿ ಎದುರು ಪಕ್ಷಕ್ಕೆ ಹೋಗಿದ್ದ ಅಯೋವ, ವಿಸ್ಕಾನ್ಸಿನ್, ಒಹಾಯೊ ಮೂರೂ ಟ್ರೂಮನ್ ಅವರಿಗೆ ಬಂದವು.

ಗೋದಾಮಿಗೆ ಇಷ್ಟು ಬಲವೇ ಎಂದು ಪೇಟೆಯವರಿಗೆ ಆಶ್ಚರ್ಯವಾದೀತು. ನಮಗೆ ಆಗುವುದಿಲ್ಲ. ಚಾಲಿ ಅಡಿಕೆಯನ್ನು (ಸಿಪ್ಪೆಸಹಿತ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ) ಒಂದು ವರ್ಷ ಹುಳ ಹಿಡಿಯದಂತೆ ಕಾಪಾಡಿ ಇಟ್ಟುಕೊಳ್ಳಬಲ್ಲವನಿಗೆ ಹಳೆ ಚಾಲಿಯ ಧಾರಣೆ ಸಿಗುತ್ತದೆ. ಮಗಳ ಮದುವೆಗೋ ಸೊಸೈಟಿಯ ಕಂತಿಗೋ ಕೂಡಲೇ ಮಾರಬೇಕಾದವನು ಹೊಸ ಚಾಲಿಯ ಧಾರಣೆಗೆ ಕೈಚಾಚಬೇಕು. 1970ರ ಆರಂಭದ ವರ್ಷಗಳಲ್ಲಿ ಅಡಿಕೆ ಧಾರಣೆ ನೆಲಕಚ್ಚಿದಾಗಲೇ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು. ನಮ್ಮ ತಂದೆಯವರು ಆ ಸಂಸ್ಥೆಯ ಹಿರಿಯರ ಮಾತನ್ನು ಕೇಳುತ್ತಿದ್ದರು. ಅವರ ಜಾತಿ, ಊರು ವಿಚಾರಿಸಿ ಅಲ್ಲ, ಅಡಿಕೆ ಕೊಂಡು ಹಣ ಕೊಟ್ಟಿದ್ದಾರೆ ಎಂಬ ಒಂದೇ ಕಾರಣಕ್ಕೆ.

ಆ ಕಾಡುಬಣ್ಣದ ಟೊಪ್ಪಿಯ ವಿಷಯ ಓದಿ ನಗು ಬಂತು ಮಾರಾಯರೇ. ಇಲ್ಲಿಯೂ ಆಟಿ ತಿಂಗಳ ಮಳೆಗಾಲದಲ್ಲಿ ತಲೆಗೆ ಹಾಳೆಯ ಟೊಪ್ಪಿ ಮುಟ್ಟಾಳೆ ಇಟ್ಟುಕೊಂಡು ಕೆಸರುಗದ್ದೆಗೆ ಇಳಿದು ನಾಲ್ಕು ಮುಷ್ಟಿ ನೇಜಿ (ಭತ್ತದ ಸಸಿ) ನೆಟ್ಟು ಫೋಟೊ ತೆಗೆಸಿಕೊಳ್ಳುವವರಿದ್ದಾರೆ. ಮುಟ್ಟಾಳೆ ಹೊಸತೋ ಬೆವರು ಕುಡಿದದ್ದೋ ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಮಂಗಳೂರಿನ ವಕೀಲ

ಇಬ್ಬರ ಮಾತಿನಲ್ಲಿಯೂ ಒಂದು ತಪ್ಪು ಗ್ರಹಿಕೆ ಇದೆಯೆಂದು ವಿನಯದಿಂದ ಹೇಳಬೇಕಾಗಿದೆ. ಹಳ್ಳಿಯನ್ನು ಗೆಲ್ಲುವುದೇ ಉದ್ದೇಶವೆಂದು ಇಬ್ಬರೂ ಭಾವಿಸಿದ್ದೀರಿ. ಡೆಮಾಕ್ರಟ್ ಪಕ್ಷದ ಇಂದಿನ ಲೆಕ್ಕಿಗರಿಗೆ ಆ ಆಸೆ ಇಲ್ಲ; ಅವರಿಗೆ ಬೇಕಾದದ್ದು ಕಡಿಮೆ ಅಂತರದ ಸೋಲು.

ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದೆಡೆ ರಾಜ್ಯದಲ್ಲಿ ಒಂದು ಮತ ಹೆಚ್ಚು ಪಡೆದವರಿಗೆ ಆ ರಾಜ್ಯದ ಎಲ್ಲ ಎಲೆಕ್ಟೊರಲ್ ಮತಗಳೂ ಸಲ್ಲುತ್ತವೆ. 10,000 ಜನ ಮತ ಹಾಕುವ ಒಂದು ಕೌಂಟಿಯನ್ನು ಊಹಿಸಿಕೊಳ್ಳಿ. 70ಕ್ಕೆ 30ರಂತೆ ಸೋತರೆ ಹಿನ್ನಡೆ 4,000. 65ಕ್ಕೆ 35ರಂತೆ ಸೋತರೆ 3,000. ಅಂಥ ಇಪ್ಪತ್ತು ಕೌಂಟಿಗಳಲ್ಲಿ ಎಲ್ಲಿಯೂ ಗೆಲ್ಲದೆಯೇ 20,000 ಮತಗಳ ಅಂತರ ಕರಗುತ್ತದೆ. 2016ರಲ್ಲಿ ಹಿಲರಿ ಕ್ಲಿಂಟನ್ ಅವರು ವಿಸ್ಕಾನ್ಸಿನ್ ಕಳೆದುಕೊಂಡದ್ದು 22,748 ಮತಗಳಿಂದ, ಮಿಶಿಗನ್ 10,704 ಮತಗಳಿಂದ. ಪೆನ್ಸಿಲ್ವೇನಿಯವನ್ನೂ ಸೇರಿಸಿದರೆ ಮೂರು ರಾಜ್ಯಗಳ ಒಟ್ಟು ಅಂತರ 78,000 ಮುಟ್ಟುವುದಿಲ್ಲ. ಆ ಜೋಡಿಯಲ್ಲಿದ್ದ ಟಿಮ್ ಕೇನ್ ಅವರು ವರ್ಜೀನಿಯದವರು. ವರ್ಜೀನಿಯ ಬಂತು, ಬೇಕಾದ ರಾಜ್ಯಗಳು ಬರಲಿಲ್ಲ.

ವಾಲ್ಜ್ ಅವರನ್ನು ಆರಿಸಿದ್ದು ಈ ಲೆಕ್ಕದಿಂದ, ಮತ್ತು ಅದಕ್ಕೆ ಆಧಾರವೂ ಇತ್ತು. 2006ರಲ್ಲಿ ಅವರು ದಕ್ಷಿಣ ಮಿನೆಸೋಟದ ಕೃಷಿ ಪ್ರದೇಶದ ಸಂಸತ್ ಕ್ಷೇತ್ರವನ್ನು ರಿಪಬ್ಲಿಕನ್ನರಿಂದ ಗೆದ್ದುಕೊಂಡರು. 2016ರಲ್ಲಿ ಅದೇ ಕ್ಷೇತ್ರದ ಜನ ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಅವರನ್ನು ದೊಡ್ಡ ಅಂತರದಿಂದ ಮೆಚ್ಚಿದಾಗಲೂ ಕೂದಲೆಳೆಯಲ್ಲಿ ಸೀಟು ಉಳಿಸಿಕೊಂಡರು. ಹೀಗಾಗಿ ಆಯ್ಕೆಯೇ ಮೂರ್ಖತನವಾಗಿತ್ತೆಂಬ ತೀರ್ಮಾನಕ್ಕೆ ಬರುವುದು ತರವಲ್ಲ.

ಕಾರ್ಕಳದ ರಾಜ್ಯಶಾಸ್ತ್ರ ಉಪನ್ಯಾಸಕಿ

ವಕೀಲರ ಲೆಕ್ಕವನ್ನು ಒಪ್ಪುತ್ತೇನೆ. ನನ್ನ ಉತ್ತರದಲ್ಲಿ ಅದು ಬಿಟ್ಟುಹೋಗಿತ್ತು. ಆದರೆ ವಾಲ್ಜ್ ಅವರು ಗವರ್ನರ್ ಆಗಲೆಂದು ಬಿಟ್ಟುಬಂದ ಆ ಕ್ಷೇತ್ರ 2018ರಲ್ಲಿಯೇ ರಿಪಬ್ಲಿಕನ್ನರ ಕೈಗೆ ಮರಳಿತು. ಅಂದರೆ ಹನ್ನೆರಡು ವರ್ಷ ಓಡಾಡಿ ಸಂಪಾದಿಸಿದ ಮತಗಳು ಅವರಿಗೆ ಸಂದವೇ ಹೊರತು ಅವರ ಪಕ್ಷಕ್ಕಲ್ಲ. ತಮ್ಮದೇ ಪಕ್ಷದ ಮುಂದಿನ ಅಭ್ಯರ್ಥಿಗೆ ದಾಟಿಸಲಾಗದ ವಿಶ್ವಾಸವನ್ನು, ಆಗಸ್ಟ್ 6ರಿಂದ ನವೆಂಬರ್ 5ರವರೆಗಿನ 91 ದಿನಗಳಲ್ಲಿ, ಜೋಡಿಯ ಮೇಲಿನ ಸ್ಥಾನದಲ್ಲಿದ್ದವರಿಗೆ ದಾಟಿಸಬಹುದೆಂದು ಹೇಗೆ ನಿರೀಕ್ಷಿಸುವುದು?

ಬ್ರಹ್ಮಾವರದ ನಿವೃತ್ತ ಬ್ಯಾಂಕ್ ನೌಕರ

ಎಲ್ಲರಿಗೂ ಕೃತಜ್ಞತೆಗಳು. ಮೇಡಂ ಅವರ ಕೊನೆಯ ಮಾತನ್ನು ಓದಿದಾಗ ಮಗಳ ಮನೆಯ ಹತ್ತಿರದ ಸೋಯಾ ಬೆಳೆಗಾರರೊಬ್ಬರು ನೆನಪಾದರು. ಮಾಸ್ತರರು ಒಳ್ಳೆಯ ಮನುಷ್ಯರೆಂದು ಅವರು ಒಪ್ಪುತ್ತಿದ್ದರು, ಅವರ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡುತ್ತಿರಲಿಲ್ಲ. ಆದರೆ ಚೀಟಿಯಲ್ಲಿ ಮೊದಲು ಬರುವ ಹೆಸರು ಅವರದಲ್ಲವಲ್ಲ ಎಂದು ಅಲ್ಲಿಗೇ ಮಾತು ನಿಲ್ಲಿಸುತ್ತಿದ್ದರು.

ಅಲ್ಲಿ ಘಟ್ಟದ ಮೇಲಿನ ಊರುಗಳಂತೆ ಮನೆಗಳು ಒತ್ತೊತ್ತಾಗಿಲ್ಲ. ನಮ್ಮಲ್ಲಿ ತೋಟಕ್ಕೊಂದು ಮನೆ ಇರುವ ಹಾಗೆ ಅಲ್ಲಿ ಹೊಲಕ್ಕೊಂದು ಮನೆ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲೇ ಹೋಗಬೇಕು. ನಾವಿದ್ದಷ್ಟು ದಿನ ಆ ಬೆಳೆಗಾರರ ಮನೆಗೆ ಎರಡೂ ಪಕ್ಷಗಳಿಂದ ಒಬ್ಬರೂ ಬಂದದ್ದಿಲ್ಲವಂತೆ. ಅಂಚೆ ಪೆಟ್ಟಿಗೆ ಮಾತ್ರ ದಿನಾ ಬಣ್ಣದ ಕಾಗದಗಳಿಂದ ತುಂಬುತ್ತಿತ್ತು; ಅವುಗಳನ್ನು ಅವರು ಚಳಿಗಾಲದ ಒಲೆ ಹೊತ್ತಿಸಲು ಕೂಡಿಡುತ್ತಿದ್ದರು.

ಪುತ್ತೂರಿನ ಅಡಿಕೆ ಕೃಷಿಕ

ನಮ್ಮ ಮನೆ ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರು ಒಳಗೆ, ಗುಡ್ಡದ ಮೇಲಿದೆ. ಪಂಚಾಯತು ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲದಿರುವುದರಿಂದ ಅಭ್ಯರ್ಥಿಗೆ ಆ ಗುಡ್ಡ ಹತ್ತದೆ ಬೇರೆ ದಾರಿಯಿಲ್ಲ. ಈಗಿನ ನಮ್ಮ ವಾರ್ಡಿನ ಸದಸ್ಯರು ಬಾಡಿಗೆಗೆ ಜೀಪು ಓಡಿಸುವವರು. ಚುನಾವಣೆಗೆ ಎರಡು ಮಳೆಗಾಲದ ಹಿಂದೆ ನೀರಿನ ಪೈಪಿನ ವಿಷಯಕ್ಕೆ ಬಂದವರು ಆಮೇಲೂ ಬರುತ್ತಲೇ ಇದ್ದರು. ಮತ ಕೇಳಲು ಬಂದ ದಿನ ನಮ್ಮ ನಾಯಿ ಅವರನ್ನು ನೋಡಿ ಎದ್ದು ನಿಲ್ಲಲೂ ಇಲ್ಲ. ಅವರ ಜೊತೆಗೆ ಬಂದಿದ್ದ, ಪೇಟೆಯಲ್ಲಿ ದೊಡ್ಡ ಹೆಸರಿರುವ ಮುಖಂಡರನ್ನು ಮಾತ್ರ ಅಂಗಳಕ್ಕೆ ಇಳಿಯಲು ಬಿಡಲಿಲ್ಲ.