ಪಗಾರ ಹೆಚ್ಚಿಸಿದರೂ ಹುಡುಗರು ಯಾಕೆ ನಿಲ್ಲುತ್ತಿಲ್ಲ?

ತಾರಿಹಾಳ ವಾಲ್ವ್:
ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ವಾಲ್ವ್ ಬಿಡಿಭಾಗ ಮಾಡುತ್ತೇವೆ. ಐಟಿಐ ಮುಗಿಸಿದ ಹುಡುಗರು ಬರುತ್ತಾರೆ, ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಮಷಿನ್ ಕಲಿಯುತ್ತಾರೆ, ಕೈ ಕುದುರುವಷ್ಟರಲ್ಲಿ ಪುಣೆಗೋ ಬೆಂಗಳೂರಿಗೋ ಹೊರಡುತ್ತಾರೆ. ಈ ವರ್ಷ ಪಗಾರ ಹೆಚ್ಚಿಸಿದೆ. ತಿಂಗಳಿಡೀ ತಪ್ಪದೆ ಬಂದವರಿಗೆ ಹಾಜರಿ ಬೋನಸ್ ಇಟ್ಟೆ. ಆದರೂ ಉಳಿದವರಲ್ಲಿ ಹುರುಪಿಲ್ಲ. ಹೇಳಿದಷ್ಟು ಮಾಡಿ ಸುಮ್ಮನಾಗುತ್ತಾರೆ. ಈಗಿನವರ ಮನೋಭಾವವೇ ಹೀಗಾ?

ವಿದ್ಯಾನಗರ ಎಚ್‌ಆರ್:
ಸರ್, ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಪಗಾರ, ಮೇಲಿನವರ ವರ್ತನೆ, ಕೆಲಸದ ಜಾಗ ಸರಿಯಿಲ್ಲದಿದ್ದರೆ ಜನ ಬೇಸತ್ತು ಹೋಗುತ್ತಾರೆ. ಅದನ್ನು ಸರಿ ಮಾಡಿದರೆ ಬೇಸರ ಹೋಗುತ್ತದೆ, ಅಷ್ಟೇ. ಹುರುಪು ಬರುವುದು ಕೆಲಸದ ಒಳಗಿನಿಂದ. ಜವಾಬ್ದಾರಿ, ಮೆಚ್ಚುಗೆ, ಮುಂದೆ ಬೆಳೆಯುವ ದಾರಿ ಬೇಕು. ನೀವು ಮೊದಲನೆಯದನ್ನು ಮಾಡಿದ್ದೀರಿ, ಎರಡನೆಯದು ಬಾಕಿ ಇದೆ.

ಗೋಕುಲ ರಸ್ತೆ ಫಿಟ್ಟರ್:
ಅಕ್ಕಾರೆ, ಅವರು ಯಾರನ್ನು ಕೇಳಿ ಇದನ್ನು ಬರೆದರು?

ವಿದ್ಯಾನಗರ ಎಚ್‌ಆರ್:
ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು.

ಗೋಕುಲ ರಸ್ತೆ ಫಿಟ್ಟರ್:
ಅದೇ ನನ್ನ ತಕರಾರು. ಓಟಿಗೆ, ಅಂದರೆ ಹೆಚ್ಚುವರಿ ಗಂಟೆ ದುಡಿದದ್ದಕ್ಕೆ, ದುಪ್ಪಟ್ಟು ಕೂಲಿ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ನಾನು ದುಡಿದ ಒಂದೆರಡು ಕಡೆ ಓಟಿಗೆ ಸಿಂಗಲ್ ಸಿಕ್ಕರೆ ಅದೇ ದೊಡ್ಡದು. ಅಲ್ಲಿ ಹೋಗಿ ಮೆಚ್ಚುಗೆ, ಜವಾಬ್ದಾರಿ ಅಂದರೆ ಯಾರು ಕೇಳುತ್ತಾರೆ? ಮೊದಲು ಲೆಕ್ಕ ಚುಕ್ತಾ ಆಗಲಿ.

ಸಾವ್ಕಾರ್ರೇ, ನಿಮಗೊಂದು ಪ್ರಶ್ನೆ. ನಾಳೆ ಯಾವ ಪಾಳಿ ಅಂತ ನಿಮ್ಮ ಹುಡುಗರಿಗೆ ಯಾವಾಗ ಗೊತ್ತಾಗುತ್ತದೆ? ಬಹಳ ಕಡೆ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಬರುತ್ತದೆ. ಕುಂದಗೋಳ, ಕಲಘಟಗಿ ಕಡೆಯಿಂದ ಬಸ್ಸಿಗೆ ಬರುವ ಹುಡುಗ ಹೊಲದ ಕೆಲಸ ಇಟ್ಟುಕೊಳ್ಳಬೇಕಾ, ತಂಗಿಯನ್ನು ನೋಡಲು ಬರುವವರಿಗೆ ಯಾವ ದಿನ ಹೇಳಬೇಕು, ಏನೂ ತಿಳಿಯುವುದಿಲ್ಲ. ಮನೆಯಲ್ಲೂ ಬೈಗುಳ, ಇಲ್ಲೂ ಬೈಗುಳ. ಅವನ ಹತ್ತಿರ ಹುರುಪು ಎಲ್ಲಿಂದ ಬರಬೇಕು?

ಹಾವೇರಿ ಫೀಲ್ಡ್:
ಫಿಟ್ಟರ್ ಅಣ್ಣನ ಮಾತು ನನಗೆ ಪೂರ್ತಿ ಅರ್ಥವಾಗುತ್ತದೆ. ನಾನು ಸಾಲ ವಸೂಲಿ ಕೆಲಸದಲ್ಲಿದ್ದೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು ದೊಡ್ಡ ಗಲಾಟೆಯೇ ಆಯಿತು. ನಮ್ಮ ಟಾರ್ಗೆಟ್ ಮಾತ್ರ ಒಂದು ರೂಪಾಯಿ ಇಳಿಯಲಿಲ್ಲ. ಯಾರಿಗೆ ವಾರದ ಕಂತು ಬಿಡಬೇಕು, ಯಾರಿಗೆ ಬಿಡಬಾರದು ಅಂತ ಸಾಲ ಪಡೆದ ಹೆಣ್ಣುಮಕ್ಕಳ ಮುಖ ನೋಡಿದ ನನಗೆ ಗೊತ್ತಿತ್ತು. ಹೇಳುವ ಅಧಿಕಾರ ಇರಲಿಲ್ಲ. ರಾತ್ರಿ ನಿದ್ದೆ ಹೋಯಿತು. ಕೆಲಸ ಬಿಟ್ಟೆ. ಪಗಾರ ಕಡಿಮೆ ಅಂತ ಅಲ್ಲ.

ಧಾರವಾಡ ಆಪ್ತಸಮಾಲೋಚಕಿ:
ಹಾವೇರಿ ಅಕ್ಕ ಹೇಳಿದ್ದನ್ನೇ ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ತೋರಿಸಿಕೊಟ್ಟರು. ಕೆಲಸದ ಒತ್ತಡ ಜಾಸ್ತಿ ಇದ್ದು, ಅದನ್ನು ಹೇಗೆ ಮಾಡಬೇಕು ಅನ್ನುವುದರಲ್ಲಿ ತನ್ನ ಮಾತೇ ನಡೆಯದಿದ್ದರೆ ಮನುಷ್ಯ ಬೇಗ ಕುಗ್ಗುತ್ತಾನೆ. ಒತ್ತಡ ಇದ್ದೂ ತನ್ನ ಮಾತಿಗೆ ಬೆಲೆ ಇದ್ದರೆ ಅದೇ ಕೆಲಸದಲ್ಲಿ ಕಲಿಯುತ್ತಾನೆ.

ಮಾಲೀಕರಿಗೆ ಇನ್ನೊಂದು ಮಾತು. ಬರ್ನ್‌ಔಟ್ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿದೆ. ಅದನ್ನು ರೋಗ ಅಂದಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂದಿದೆ. ಗುರುತು ಮೂರು: ಶಕ್ತಿಯೇ ಇಲ್ಲದ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನೀವು ಮನೋಭಾವ ಅಂತ ಕರೆದದ್ದು ಎರಡನೆಯದೇ ಇರಬಹುದಲ್ವಾ? ಯಾರಾದರೂ ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಇದೆ.

ತಾರಿಹಾಳ ವಾಲ್ವ್:
ಎಲ್ಲ ಓದಿದೆ. ಆದರೆ ನನ್ನ ಕಷ್ಟವೂ ಕೇಳಿ. ಒಂದು ಲಾಟ್ ರಿಜೆಕ್ಟ್ ಆದರೆ ನಷ್ಟ ನನ್ನದು. ಎರಡು ತಿಂಗಳ ಹುಡುಗನಿಗೆ ಮಷಿನ್ ಸೆಟ್ಟಿಂಗ್ ಬಿಟ್ಟುಕೊಡಲು ಆಗುವುದಿಲ್ಲ. ಆರ್ಡರ್ ಕೊಡುವವರೂ ನಮಗೆ ಮುಂಚೆ ಹೇಳುವುದಿಲ್ಲ. ಪಾಳಿ ತಡವಾಗಿ ಹೇಳುವುದು ಅದಕ್ಕೇ.

ಗೋಕುಲ ರಸ್ತೆ ಫಿಟ್ಟರ್:
ಸೆಟ್ಟಿಂಗ್ ಬಿಡಬೇಡಿ. ನಾನೂ ಬಿಡುವುದಿಲ್ಲ. ಆದರೆ ರಿಜೆಕ್ಟ್ ಆದ ಪೀಸ್ ಅವನ ಕೈಗೆ ಕೊಟ್ಟು ಎಲ್ಲಿ ತಪ್ಪಿತು ಅಂತ ಜೊತೆಗೆ ನಿಂತು ನೋಡಿ. ಸೂಪರ್‌ವೈಸರ್ ಎಲ್ಲರ ಮುಂದೆ ಒದರುವುದನ್ನು ನಿಲ್ಲಿಸಿ. ವಾರದ ಪಾಳಿ ಶನಿವಾರವೇ ಹಾಕಿ. ಅರ್ಜೆಂಟ್ ಆರ್ಡರ್ ಬಂದರೆ ಯಾರಿಗೆ ಆಗುತ್ತದೆ ಅಂತ ಕೇಳಿ, ಒಪ್ಪಿದವರಿಗೆ ಡಬಲ್ ಕೊಡಿ.

ತಾರಿಹಾಳ ವಾಲ್ವ್:
ಶನಿವಾರದ ಪಟ್ಟಿ ಒಪ್ಪಿದೆ. ಹಾಜರಿ ಬೋನಸ್ ಮಾತ್ರ ತೆಗೆಯುವುದಿಲ್ಲ.

ಹಾವೇರಿ ಫೀಲ್ಡ್:
ಒಂದು ದಿನ ಸೂಟಿ ಹಾಕಿದರೆ ಬೋನಸ್ ಪೂರ್ತಿ ಹೋಗುತ್ತದಾ?

ತಾರಿಹಾಳ ವಾಲ್ವ್:
ಹೌದು.

ಹಾವೇರಿ ಫೀಲ್ಡ್:
ಹಾಗಾದರೆ ಮೈಯಲ್ಲಿ ಜ್ವರ ಇದ್ದವನೂ ಮಷಿನ್ ಮುಂದೆ ನಿಲ್ಲುತ್ತಾನೆ. ಅಲ್ಲೇ ಕೈಗೆ ಅಪಾಯ. ತಿಂಗಳ ಮೊದಲ ವಾರದಲ್ಲೇ ಬೋನಸ್ ತಪ್ಪಿದವನಿಗೆ ಉಳಿದ ದಿನ ಬರಲು ಕಾರಣವೇ ಉಳಿಯುವುದಿಲ್ಲ. ಸೂಟಿ ಹಾಕಿದ ದಿನದಷ್ಟು ಮಾತ್ರ ಕಡಿಮೆ ಮಾಡಿ, ಸಾವ್ಕಾರ್ರೇ.

ತಾರಿಹಾಳ ವಾಲ್ವ್:
ಲೆಕ್ಕ ಹಾಕಿ ನೋಡುತ್ತೇನೆ ಅಕ್ಕಾರೆ. ಜ್ವರದ ಸೂಟಿಗಂತೂ ಈ ತಿಂಗಳಿಂದಲೇ ಮುಟ್ಟುವುದಿಲ್ಲ.