ತುಷ್ಟಿಗುಣಕ್ಕೆ ಮೇಲ್ಮಿತಿ ಬೇಕಾ? ಎಂ.ಎ. ಅರ್ಥಶಾಸ್ತ್ರ ಗೆಳೆಯರ ಗುಂಪಿನಲ್ಲಿ

ರಘು ಒಂದು ವಿಡಿಯೋ ಹಂಚಿಕೊಂಡಿದ್ದಾರೆ.

ರಘು: ಸೇಂಟ್ ಪೀಟರ್ಸ್‌ಬರ್ಗ್ ಆಟದ ಬಗ್ಗೆ. ತಪ್ಪದೆ ನೋಡಿ. 1738ರಲ್ಲೇ ಗಣಿತಜ್ಞ ಡೇನಿಯಲ್ ಬರ್ನೌಲಿ ಬಗೆಹರಿಸಿಬಿಟ್ಟಿದ್ದ.

ಮೂರ್ತಿ: ಯಾವ ಆಟ? ಮರೆತೇಹೋಗಿದೆ.

ರಘು: ಹೆಡ್ಸ್ ಬೀಳುವ ತನಕ ನಾಣ್ಯ ಚಿಮ್ಮುವುದು. ಮೊದಲ ಸಲವೇ ಬಿದ್ದರೆ 1 ಡಕಾಟ್ (ಹಳೆಯ ಚಿನ್ನದ ನಾಣ್ಯ), ಎರಡನೇ ಸಲಕ್ಕೆ 2, ಮೂರನೆಯದಕ್ಕೆ 4, ಹೀಗೆ ದುಪ್ಪಟ್ಟು. ಪ್ರತಿ ಹಂತವೂ ಸರಾಸರಿಗೆ ಅರ್ಧ ಡಕಾಟ್ ಸೇರಿಸುತ್ತದೆ, ಹಂತಗಳಿಗೆ ಕೊನೆಯಿಲ್ಲ. ಆ ಸರಾಸರಿ, ಅಂದರೆ ನಿರೀಕ್ಷಿತ ಮೌಲ್ಯ, ಅನಂತ. ಆದರೂ ಯಾರೂ 20 ಡಕಾಟ್ ಸಹ ಕೊಡಲಾರರು. ಹಣದ ತುಷ್ಟಿಗುಣ, ಅಂದರೆ ಅದರಿಂದ ಸಿಗುವ ತೃಪ್ತಿ, ಲಾಗರಿದಮ್‌ನಂತೆ (ಹಣ ದುಪ್ಪಟ್ಟಾದಾಗಲೆಲ್ಲ ಒಂದೇ ಅಳತೆಯಷ್ಟು) ನಿಧಾನವಾಗಿ ಏರುತ್ತದೆ ಅಂದ ಬರ್ನೌಲಿ. ಬೇರೆ ಹಣವೇ ಇಲ್ಲದವನಿಗೆ ಆಟದ ಬೆಲೆ 2 ಡಕಾಟ್. ಮುಗಿಯಿತಲ್ಲ!

ಸುಮಾ: ಮುಗಿಯಲಿಲ್ಲ ಕಣೋ. ಲಾಗ್ ನಿಧಾನವಾಗಿ ಏರಿದರೂ ನಿಲ್ಲುವುದಿಲ್ಲ. ಪ್ರತಿ ಹಂತದಲ್ಲೂ ಹಣದ ಬದಲು ತುಷ್ಟಿಗುಣವೇ ದುಪ್ಪಟ್ಟಾಗುವಂತೆ ಬಹುಮಾನ ಏರಿಸು, ಅದೇ ಅನಂತ ವಾಪಸ್ ಬರುತ್ತದೆ. ತುಷ್ಟಿಗುಣ ಅಳೆಯುವ, ಮಿತಿಯಿಲ್ಲದ ಯಾವ ಫಂಕ್ಷನ್‌ಗಾದರೂ (ಸೂತ್ರಕ್ಕಾದರೂ) ಇಂಥ ಆಟ ಕಟ್ಟಬಹುದು ಅಂತ 1934ರಲ್ಲಿ ಗಣಿತಜ್ಞ ಕಾರ್ಲ್ ಮೆಂಗರ್ ತೋರಿಸಿದ. ಬರ್ನೌಲಿಗಿಂತ ಮೊದಲೇ, 1728ರಲ್ಲಿ, ಗಣಿತಜ್ಞ ಗೇಬ್ರಿಯಲ್ ಕ್ರಾಮರ್ ತುಷ್ಟಿಗುಣಕ್ಕೆ ಮಿತಿ ಹಾಕಿ ನೋಡಿದ್ದ. 2ರ 24ನೇ ಘಾತ, ಅಂದರೆ ಸುಮಾರು 1.68 ಕೋಟಿ ದಾಟಿದ ಮೇಲೆ ಎಷ್ಟಿದ್ದರೂ ಒಂದೇ ಅಂತ. ಆಟದ ಬೆಲೆ 13ಕ್ಕೆ ಇಳಿಯಿತು. ವಿಡಿಯೋದಲ್ಲಿ ಅವನ ಹೆಸರೇ ಇಲ್ಲ. ಅದು ನನಗೆ ಬೇಜಾರು.

ಮೂರ್ತಿ: ಆಟ ಆಡಿಸುವವನ ಹಣಕ್ಕೇ ಮಿತಿ ಇದೆಯಲ್ಲ, ಸಾಲದಾ? 100 ಕೋಟಿ ಇಟ್ಟುಕೊಂಡವನು ಆಡಿಸಿದರೂ ಬೆಲೆ 16ರ ಹತ್ತಿರ ಬರುತ್ತದೆ.

ಸುಮಾ: ಈ ಆಟಕ್ಕೆ ಸಾಕು. ಬಹುಮಾನ ಹಣವೇ ಆಗಿರಬೇಕಿಲ್ಲವಲ್ಲ. ಯಾರೋ ಬಂದು "ಐದು ಸಾವಿರ ಕೊಡಿ, ಕೋಟಿಗಟ್ಟಲೆ ಜೀವ ಉಳಿಸುತ್ತೇನೆ" ಅಂದರೆ? ಅವನು ಸಂಖ್ಯೆ ಏರಿಸಿದಷ್ಟೇ ವೇಗವಾಗಿ ನಮ್ಮ ನಂಬಿಕೆ ಕುಸಿಯದಿದ್ದರೆ, ಮಿತಿಯಿಲ್ಲದ ಲೆಕ್ಕ ಕೊನೆಗೆ "ಕೊಟ್ಟುಬಿಡು" ಅನ್ನುತ್ತದೆ.

ರಘು: ಜೀವದ ವಿಷಯಕ್ಕೇ ನನ್ನ ತಕರಾರು. ಮಿತಿ ಹಾಕಿದರೆ, ಒಂದು ಹಂತದ ನಂತರ ಇನ್ನೂ ಹತ್ತು ಲಕ್ಷ ಜನ ಉಳಿದರೂ ಲೆಕ್ಕಕ್ಕಿಲ್ಲ ಅಂದಂತೆ.

ಸುಮಾ: ಹಾಗೇನಿಲ್ಲ. ಕ್ರಾಮರ್‌ನದ್ದು ಥಟ್ಟನೆ ನಿಲ್ಲುವ ಮಿತಿ. ಮೇಲ್ಮಿತಿ 1 ಅಂತಿಟ್ಟುಕೋ, ಏರುತ್ತಾ ಅದಕ್ಕೆ ಹತ್ತಿರವಾಗುತ್ತಲೇ ಹೋಗಿ ಎಂದೂ ಅದನ್ನು ಮುಟ್ಟದ ಫಂಕ್ಷನ್ ಇದೆ. ಖಚಿತವಾಗಿ ಹೆಚ್ಚು ಜೀವ ಉಳಿಯುವುದಾದರೆ ಅದು ಯಾವಾಗಲೂ ಹೆಚ್ಚನ್ನೇ ಆರಿಸುತ್ತದೆ.

ರಘು: ಅಪಾಯ ಬಂದಾಗ? ಸಾವಿರ ಪಟ್ಟು ಜೀವ ಉಳಿಯುವಂತಿದ್ದರೂ, ಶೇ 1ರಷ್ಟು ಅಪಾಯಕ್ಕೆ ಹೆದರಿ ಬೇಡ ಅನ್ನಬಹುದು. ಅದನ್ನು ನಾನು ಒಪ್ಪಲಾರೆ. ಅಪಾಯವಿರುವ ಆಯ್ಕೆಗಳಿಗೆ ವಾನ್ ನ್ಯೂಮನ್, ಮಾರ್ಗೆನ್‌ಸ್ಟರ್ನ್ ಕೊಟ್ಟ ನಿಯಮಗಳೂ ಮಿತಿ ಕೇಳುವುದಿಲ್ಲ, ಅಲ್ವಾ?

ಸುಮಾ: ಪ್ರತಿ ಆಟದ ಬಹುಮಾನಗಳ ಪಟ್ಟಿಗೆ ಕೊನೆ ಇದ್ದರೆ ಕೇಳುವುದಿಲ್ಲ, ನಿಜ. ಆದರೆ ವಿವೇಕದ ಆಯ್ಕೆ ಹೇಗಿರಬೇಕು ಅಂತ ಸಂಖ್ಯಾಶಾಸ್ತ್ರಜ್ಞ ಸ್ಯಾವೇಜ್ 1954ರಲ್ಲಿ ಕೊಟ್ಟ ಏಳೂ ನಿಯಮ ಒಪ್ಪಿದರೆ ಮಿತಿ ತಾನಾಗಿ ಬರುತ್ತದೆ. ಯಾವುದನ್ನು ಬಿಡುತ್ತೀಯ ಹೇಳು.

ರಘು: ಏಳನೆಯದನ್ನು.

ಸುಮಾ: ಬಿಡು. ಆದರೆ ಕೊನೆಯಿಲ್ಲದಷ್ಟು ಫಲಿತಾಂಶ ಇರುವ ಆಯ್ಕೆಗಳನ್ನು ತೂಗುವುದಕ್ಕೆ ಇದ್ದ ನಿಯಮವೇ ಅದು.